ಫ್ರೆಂಚ್ ಮೂರ್ತಿ ತಗೋತೀರಂದ್ರ ಮೊದ್ಲ ಹೊಳ್ಳಿಸಿ ತಳ ನೋಡ್ರಿ

ಮನಿ ಪಡಸಾಲ್ಯಾಗ ಇಡ್ಲಾಕ ಒಂದು ಹಳೇ ಫ್ರೆಂಚ್ ಮೂರ್ತಿ ಬೇಕು ಅನ್ನೋರಿಗೆ ಮೊದ್ಲೇ ಹೇಳಿಬಿಡ್ತೀನಿ, ನೂರೈವತ್ತು ವರ್ಷ ಹಳೇದದ ಅಂದ್ ಕೂಡ್ಲೇ ಅದು ಅಪರೂಪದ್ದು ಅಂತ ತಿಳ್ಕೋಬ್ಯಾಡ್ರಿ. 1800ರ ಶತಮಾನದಾಗ ಪ್ಯಾರಿಸ್ಸಿನಾಗ ಎರಕದ ಕಾರ್ಖಾನಿ ಭಾಳ ಇದ್ವು, ಅಲ್ಲಿ ಮಂದಿ ಮನಿ ಅಲಂಕಾರಕ್ಕಂತನೇ ಮೂರ್ತಿ ತಗೋತಿದ್ರು. ಅಶೀಲ್ ಕೊಲಾಸ್ ಅನ್ನೋರು ದೊಡ್ಡ ಮೂರ್ತೀನ ಅಳತಿ ತಪ್ಪದಂಗ ಸಣ್ಣದು ಮಾಡೋ ಮಷೀನ್ ಕಂಡುಹಿಡದ್ರು, 1838ರಾಗ ಫರ್ಡಿನಾಂಡ್ ಬಾರ್ಬೆಡಿಯೆನ್ ಅವರ ಜೋಡಿ ಸೇರಿ ಕಂಪನಿ ಮಾಡಿದ್ರು, ಆಮ್ಯಾಲ ಒಂದೇ ಮೂರ್ತಿ ಬ್ಯಾರೆ ಬ್ಯಾರೆ ಸೈಜಿನಾಗ ಬರ್ಲಾಕ ಹತ್ತಿತು. ಆಂತ್ವಾನ್-ಲೂಯಿ ಬಾರೀ (1795-1875) ಅವರ ಹುಲಿ ಸಿಂಹ, ಪಿಯೇರ್-ಜೂಲ್ ಮೆನ್ ಅವರ ಕುದುರಿ ನಾಯಿ, ಇವೆಲ್ಲಾ ಹಂಗೇ ಟೇಬಲ್ ಮ್ಯಾಲ ಇಡೋ ಮಾಲು. ಇದು ನಮ್ಮಂಥೋರಿಗೆ ಚಲೋನೇ ಆಯ್ತು ಅನ್ರಿ, ಮ್ಯೂಸಿಯಂನಾಗ ಇರೋ ಕಲಾವಿದರ ಕೆಲಸ ಇವತ್ತಿಗೂ ಮಾರ್ಕೆಟಿನಾಗ ಸಿಗ್ತದ. ಆದ್ರ ಹೆಸರು ನೋಡಿ ರೊಕ್ಕ ಕೊಡಬ್ಯಾಡ್ರಿ, ಲೋಹ ನೋಡಿ, ಕೆಲಸದ ನಾಜೂಕು ನೋಡಿ ಕೊಡ್ರಿ.

ತಗೊಳ್ಳೋಕಿನ್ನ ಮೊದ್ಲ ಕಣ್ಣಿಗೆ ರೂಢಿ ಆಗ್ಬೇಕು. ಅದಕ್ಕ ನಮಗ ಹತ್ರ ಇರೋದು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ, ಬೀದರಿಂದ ಮುಂಜಾನಿ ಹೊಂಟ್ರ ಸಂಜೀಕ ವಾಪಸ್ ಬರಬಹುದು, ಶುಕ್ರವಾರ ಮಾತ್ರ ಹೋಗ್ಬ್ಯಾಡ್ರಿ ಬಂದ್ ಇರ್ತದ. ಅಲ್ಲಿ ಎಲ್ಲಾರೂ ಮುಸುಕು ಹಾಕ್ಕೊಂಡ ರೆಬೆಕ್ಕಾ ಅನ್ನೋ ಹೆಣ್ಣಿನ ಮೂರ್ತಿ ಮುಂದ ಗುಂಪು ಕಟ್ಟಿ ನಿಲ್ತಾರ, ಅದು ಇಟಲಿಯ ಬೆಂಜೋನಿ ಅವರದು, ಫ್ರೆಂಚ್ ಅಲ್ಲ. ಫ್ರೆಂಚ್ ಕೆಲಸ ನೋಡ್ಬೇಕಂದ್ರ ಒಂದೇ ಕಟ್ಟಿಗಿ ತುಂಡಿನಾಗ ಮುಂದ ಫೌಸ್ಟ್ ಕತಿಯ ಸೈತಾನ ಮೆಫಿಸ್ಟೊಫಿಲಿಸ್, ಹಿಂದ ಅದೇ ಕತಿಯ ಹುಡುಗಿ ಮಾರ್ಗರೆಟಾ ಕೆತ್ತಿದ್ದು ಅದ, ಹಿಂದ ಕನ್ನಡಿ ಇಟ್ಟಾರ, ಅದನ್ನ ನಿಂತು ನೋಡ್ರಿ. ಕಂಚಿನ ಮೂರ್ತಿಗಳ ಹತ್ರ ಹೋಗಿ ಬೆರಳು, ಕೂದಲು, ಅರಿವಿ ಮಡಿಕಿ ಹೆಂಗ ತಿದ್ಯಾರ ಅಂತ ನೋಡಿಟ್ಕೊಂಡ್ರ ಮುಂದ ನಕಲಿ ಮುಖ ನೋಡಿದ ಕೂಡ್ಲೇ ಗೊತ್ತಾಗ್ತದ.

ಈಗ ಅಸಲಿ ವಿಷಯ. ಅಂಗಡಿದಾಗ ಮೂರ್ತಿ ಕೈಗೆ ಬಂದ್ ಕೂಡ್ಲೇ ಮುಖ ನೋಡ್ಕೋತ ನಿಲ್ಲಬ್ಯಾಡ್ರಿ, ಹೊಳ್ಳಿಸ್ರಿ. ಕಂಚಂತ ಮಾರೋ ಮಾಲಿನಾಗ ಎಷ್ಟೋ ಕಂಚೇ ಅಲ್ಲ, ಒಳಗ ಜಸ್ತ, ಅಂದ್ರ ಸತು, ಮ್ಯಾಲ ಕಂಚಿನ ಬಣ್ಣ. ಇದಕ್ಕ ಇಂಗ್ಲೀಷರು ಸ್ಪೆಲ್ಟರ್ ಅಂತಾರ, ಫ್ರೆಂಚರು ರೆಗ್ಯೂಲ್ ಅಂತಾರ. ಜಸ್ತದ ವಿಷಯ ಬೀದರಿನ ಮಂದಿಗೆ ಯಾರೂ ಕಲಿಸೋದು ಬ್ಯಾಡ, ಬಿದ್ರಿ ಸಾಮಾನೇ ಜಸ್ತದ್ದು, ಒಂದು ಪಾಲು ತಾಮ್ರ ಇದ್ರ ಹದಿನಾರು ಪಾಲು ಜಸ್ತ ಹಾಕ್ತಾರ, ಕರಿ ಬಣ್ಣ ಆಮ್ಯಾಲ ಬೀದರ್ ಕಿಲ್ಲಾದ ಮಣ್ಣು, ನವಸಾಗರ ಹಚ್ಚಿ ಬರಿಸೋದು. ಅದಕ್ಕ ನಿಮಗ ಪರಿಚಯದ ಬಿದ್ರಿ ಕಾರೀಗರ ಇದ್ರ ಮೂರ್ತಿ ಒಮ್ಮಿ ಅವರ ಕೈಗೆ ಕೊಡ್ರಿ, ತೂಕ ಮತ್ತ ಸಪ್ಪಳದ ಮ್ಯಾಲೇ ಹೇಳಿಬಿಡ್ತಾರ. ನೀವೇ ನೋಡೋದಿದ್ರ ಮಾರೋರನ್ನ ಕೇಳಿ ತಳದ ಒಳಮಗ್ಗಲ, ಯಾರಿಗೂ ಕಾಣದ ಕಡಿ, ಸೂಜೀಲೆ ಒಂಚೂರು ಕೆರೀರಿ. ಬಂಗಾರದಂಥ ಹಳದಿ ಗೆರಿ ಬಂದ್ರ ಕಂಚು ಇಲ್ಲಾ ಹಿತ್ತಾಳಿ, ಬೂದಿ ಬಣ್ಣ ಬೆಳ್ಳಗ ಬಂದ್ರ ಜಸ್ತ. ಬ್ಯಾಡ ಅಂದ್ರ ಮೂರ್ತಿಯ ಮೂಗು ಮೊಳಕೈ ಸವೆದ ಕಡಿ ನೋಡ್ರಿ, ಅಲ್ಲೂ ಒಳಗಿನ ಬಣ್ಣ ಹೊರಗ ಬಿದ್ದಿರ್ತದ. ಆಯಸ್ಕಾಂತ ಅಂಟ್ಕೊಂಡ್ರ ಅದು ಕಬ್ಬಿಣ, ಫ್ರಾನ್ಸಿನ ವಾಲ್ ದೋನ್ ಕಾರ್ಖಾನಿ ಬೀಡು ಕಬ್ಬಿಣದ ಮೂರ್ತಿಗೇ ಹೆಸರಾಗಿತ್ತು, ಅವು ಗಾರ್ಡನ್ನಿಗೆ ಚಂದ ಅವ ಆದ್ರ ಕಂಚಿನ ರೇಟ್ ಕೊಡಬ್ಯಾಡ್ರಿ. ಮುಟ್ಟಿದ್ರ ತಣ್ಣಗ ಅನಿಸದೆ ಪ್ಲಾಸ್ಟಿಕ್ಕಿನಂಗ ಇದ್ರ ಕಂಚಿನ ಪುಡಿ ಕಲಸಿದ ರೆಸಿನ್ನು, ಬಿಟ್ಟು ಮುಂದ ಹೋಗ್ರಿ.

ಜಸ್ತದ್ದು ತಗೋಬಾರ್ದು ಅಂತ ಅಲ್ಲ ಮತ್ತ. 1900ರ ಆಜೂಬಾಜು ಮಾಡಿದ ದೀಪ ಹಿಡದ ಹೆಣ್ಮಕ್ಕಳು, ಗಡಿಯಾರದ ಮಗ್ಗಲ ಕುಂತ ಮೂರ್ತಿಗಳು, ಲೂಯಿ ಮತ್ತ ಫ್ರಾಂಸ್ವಾ ಮೊರೋ ಹೆಸರಿಂದು, ಇಂಥವು ಜಸ್ತದಾಗೇ ಭಾಳ ಸಿಗ್ತಾವ ಮತ್ತ ಮನಿಗೆ ಭಾಳ ಚಂದನೂ ಕಾಣ್ತಾವ. ಜಸ್ತ ಅಂತ ಗೊತ್ತಿದ್ದು ಜಸ್ತದ ರೇಟಿಗೆ ತಗೊಂಡ್ರ ಎಲ್ಲಾ ಬರೋಬ್ಬರಿ.

ಸಹಿ ಅಂತೂ ನಂಬಲೇಬ್ಯಾಡ್ರಿ. ಸಹಿ ಹಾಕೋದು ಎಲ್ಲಕ್ಕಿಂತ ಸಸ್ತಾ ಕೆಲಸ. ಹೊಸಾ ನಕಲಿದಾಗ ಬಾರೀ, ಮೊರೋ, ಚಿಪಾರುಸ್ ಅಂತ ದೊಡ್ಡದಾಗಿ ಬರೆದು, ದುಂಡನ ಸೀಲಿನಾಗ ಬ್ರಾಂಜ್ ಗ್ಯಾರಂಟಿ ಪ್ಯಾರಿಸ್ ಅಂತ ಒತ್ತಿರ್ತಾರ, ಕೆಳಗ ಬಿಳಿ ಗೆರಿ ಇರೋ ಕರಿ ಮಾರ್ಬಲ್ ಹಚ್ಚಿ ಅದಕ್ಕ ಹೊಸಾ ಹಸರು ಬಟ್ಟಿ ಅಂಟಿಸಿರ್ತಾರ. ಆ ಬಟ್ಟಿ ಯಾಕ ಹಚ್ಯಾರ ಅಂತ ಕೇಳ್ರಿ. ಒಳಗ ಸ್ಕ್ರೂ ತಲಿ ಪ್ಲಸ್ ಆಕಾರದ್ದಿದ್ರ ಅದು 1930ರ ಆಮೇಲಿಂದೇ, ಇಲ್ಲಾ ರಿಪೇರಿ ಆಗ್ಯದ. ಇನ್ನೊಂದು ಗುಟ್ಟು ಅಳತಿ. ಹಳೇ ಮೂರ್ತಿದಿಂದ್ಲೇ ಅಚ್ಚು ತಗದು ಎರಕ ಹೊಯ್ದ್ರ ಕಂಚು ಆರ್ತಾ ಆರ್ತಾ ಕುಗ್ಗತದ, ಹಂಗಾಗಿ ನಕಲಿ ಅಸಲಿಗಿಂತ ಒಂಚೂರು ಗಿಡ್ಡ ಬರ್ತದ, ಕಣ್ಣು ಕೂದಲು ಎಲ್ಲಾ ಮಬ್ಬಾಗಿರ್ತಾವ. ಅದೇ ಮೂರ್ತಿ ಹರಾಜಿನಾಗ ಮಾರಿದ್ದು ನೆಟ್ಟಿನಾಗ ಹುಡಕಿ ಎತ್ತರ ಹೊಂದಿಸಿ ನೋಡ್ರಿ, ಟೇಪ್ ಕಿಸೆದಾಗೇ ಇರ್ಲಿ.

ಎಲ್ಲಿ ಸಿಗ್ತಾವ ಅಂದ್ರ, ಕಲಬುರಗಿದಾಗ ಇಂಥದ್ದಕ್ಕಂತ ಹುಡುಕೋದಕ್ಕಿಂತ ಚಾರ್ಮಿನಾರ್ ಹತ್ರದ ಮೆಹಬೂಬ್ ಚೌಕಿಗೆ ಹೋಗ್ರಿ, ಇಲ್ಲಾ ರೈಲು ಹತ್ತಿ ಮುಂಬೈ ಚೋರ್ ಬಜಾರಿನ ಮಟನ್ ಸ್ಟ್ರೀಟಿಗೆ. ಪ್ಯಾರಿಸ್ಸಿನ ದ್ರುಓ ಅನ್ನೋ ಹರಾಜು ಮನಿದಾಗ ಆನ್‌ಲೈನ್ ಕೂಗಬಹುದು ಖರೆ, ಆದ್ರ ಕೂಗಿದ ರೇಟಿನ ಮ್ಯಾಲ ಹರಾಜಿನೋರ ಕಮಿಷನ್, ಪ್ಯಾಕಿಂಗ್, ಸಾಗಣಿ, ಇಲ್ಲಿ ಕಸ್ಟಮ್ಸ್, ಜಿಎಸ್‌ಟಿ ಎಲ್ಲಾ ಕೂಡ್ತದ, ಕಸ್ಟಮ್ಸ್ ಏಜೆಂಟರನ್ನ ಮೊದ್ಲ ಕೇಳಿ ಆಮ್ಯಾಲ ಕೂಗ್ರಿ. ಬಿಲ್ಲು, ಕಸ್ಟಮ್ಸ್ ಕಾಗದ ಜೋಪಾನ ಇಡ್ರಿ.

ಎರಡು ಸಾಮಾನು ಪುಕಟ್ ಕೊಟ್ರೂ ಬ್ಯಾಡ. ಒಂದು, ಆನಿ ದಂತ ಇರೋದು. ಚಿಪಾರುಸ್ ಕಾಲದ ಕುಣಿಯೋ ಹೆಣ್ಣಿನ ಮೂರ್ತಿಗಳಿಗೆ ಮುಖ, ಕೈ ದಂತದ್ದೇ ಇರ್ತಾವ, 1972ರ ವನ್ಯಜೀವಿ ಕಾಯ್ದೆದಾಗ ಸಿಕ್ಕೋತೀರಿ. ಇನ್ನೊಂದು ನಮ್ಮ ಕಡಿದೇ ಹಳೇ ಕಲ್ಲಿನ ಮೂರ್ತಿ. ಹಳೇ ಸಾಮಾನು ತಗೋತಾರ ಅಂತ ಸುದ್ದಿ ಆದ್ರ ಮಳಖೇಡ, ಕಾಳಗಿ, ಸನ್ನತಿ ಕಡಿ ಹೊಲದಾಗ ಸಿಕ್ಕದ ಅಂತ ಯಾರರೇ ತಂದು ತೋರಿಸಬಹುದು. ನೂರು ವರ್ಷ ದಾಟಿದ ಮೂರ್ತಿ ಮಾರ್ಲಾಕ ಪುರಾತತ್ವ ಇಲಾಖೆ ಲೈಸೆನ್ಸ್ ಬೇಕು, ಅದೂ ಅಲ್ದೆ ಅದು ಊರಿನ ಸೊತ್ತು, ಅಲ್ಲೇ ಇರ್ಲಿ ಬಿಡ್ರಿ.

ಮನಿಗೆ ತಂದ ಮ್ಯಾಲ ಟಿವಿ ಮಗ್ಗಲ ತುರುಕಬ್ಯಾಡ್ರಿ. ಒಂದು ಮೂರ್ತಿಗೆ ಒಂದು ಮೂಲಿ ಖಾಲಿ ಬಿಡ್ರಿ, ಕಿಟಕಿ ಬೆಳಕು ಒಂದು ಮಗ್ಗಲದಿಂದ ಬಿದ್ರ ಕಂಚಿನ ಮೈ ಎದ್ದು ಕಾಣ್ತದ. ಸ್ಟ್ಯಾಂಡಿಗೆ ದುಬಾರಿ ಮಾರ್ಬಲ್ ಯಾಕ, ಶಹಾಬಾದ್ ಕಲ್ಲು ಕೊಯ್ಸಿ ಪೆಟ್ಟಿಗಿ ಹಂಗ ಜೋಡಿಸಿದ್ರ ಆ ಬೂದಿ ಬಣ್ಣದ ಮ್ಯಾಲ ಕಂಚು ಭಾಳ ಒಪ್ತದ, ನನಗಂತೂ ಇದೇ ಪಸಂದ್.

ಧೂಳ ನಮ್ಮ ಕಡಿ ಕೇಳೋದೇ ಬ್ಯಾಡ, ಮೆತ್ತನ ಬ್ರಶಿಲೆ ಒಣಾ ಝಾಡಿಸ್ರಿ. ಬೋರ್ ನೀರು ಹಾಕಿ ತೊಳೀಬ್ಯಾಡ್ರಿ, ಬಿಳೇ ಕಲಿ ಕೂಡ್ತಾವ. ಮನ್ಯಾಗ ಎಲ್ಲಾರಿಗೂ, ಕೆಲಸಕ್ಕ ಬರೋ ಅಕ್ಕೋರಿಗೂ ಮೊದ್ಲೇ ಹೇಳಿಡ್ರಿ, ಹುಣಸಿಹಣ್ಣು, ಪಿತಾಂಬರಿ, ಬ್ರಾಸೋ ಯಾವುದೂ ಹಚ್ಚಬಾರ್ದು ಅಂತ. ಹಬ್ಬಕ್ಕ ಸಮೆ ತಿಕ್ಕುವಾಗ ಇದನ್ನೂ ತಿಕ್ಕಿ ಫಳಫಳ ಮಾಡಿಟ್ರ ಆ ಕಾಲದಿಂದ ಕೂತ ಕಂದು ಬಣ್ಣ ಹೋಯ್ತು, ಜೋಡಿಗೆ ಅರ್ಧ ಬೆಲಿನೂ ಹೋಯ್ತು. ವರ್ಷಕ್ಕೊಮ್ಮಿ ಬಣ್ಣ ಇಲ್ಲದ ಮೇಣ ತೆಳ್ಳಗ ಹಚ್ಚಿ ಮೆತ್ತನ ಅರಿವೀಲೆ ಒರಸಿದ್ರ ಸಾಕು. ಕೈ ಕಾಲು ಮುರದ್ರ ವೆಲ್ಡಿಂಗ್ ಅಂಗಡಿಗೆ ಒಯ್ಯಬ್ಯಾಡ್ರಿ, ಜಸ್ತ 420 ಡಿಗ್ರಿಗೇ ಕರಗ್ತದ, ಗ್ಯಾಸ್ ಬೆಂಕಿ ತಗಲಿದ್ರ ಮುರದ ಕೈ ಕೂಡೋದು ಬಿಟ್ಟು ಭುಜನೂ ಕರಗಿ ಹೋಗ್ತದ. ತುಂಡು ಒಂದು ಡಬ್ಬಿದಾಗ ಹಾಕಿಟ್ಟು, ಹಳೇ ಲೋಹದ ಸಾಮಾನು ರಿಪೇರಿ ಮಾಡೋರು ಸಿಗೋತನ ಹಂಗೇ ಇಡ್ರಿ.