ನಾಲ್ಕು ಸ್ಕ್ರೀನಿಗೆ ನಾನು ಗ್ರಾಫಿಕ್ಸ್ ಕಾರ್ಡ್ ಆರಿಸಿದ್ದು ಹೀಗೆ

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮ ಮನೆ. ಮಹಡಿಯ ಸಣ್ಣ ಕೋಣೆಯೇ ನನ್ನ ಆಫೀಸು. ಷೇರು ಟ್ರೇಡಿಂಗ್ ನನ್ನ ಕೆಲಸ. ಬೆಳಗ್ಗೆ 9:15ಕ್ಕೆ ಮಾರ್ಕೆಟ್ ಓಪನ್ ಆದರೆ ಮಧ್ಯಾಹ್ನ 3:30ರ ತನಕ ಅಲ್ಲಿಂದ ಏಳುವುದು ಕಡಿಮೆ. ಮೊದಲು ಎರಡು ಮಾನಿಟರ್ ಇದ್ದವು. ಆಪ್ಶನ್ ಚೈನ್ (ಆಪ್ಶನ್ ಬೆಲೆಗಳ ಉದ್ದ ಪಟ್ಟಿ) ತೆರೆದರೆ ಚಾರ್ಟ್ ಮರೆಯಾಗುತ್ತಿತ್ತು, ಚಾರ್ಟ್ ತೆರೆದರೆ ಆರ್ಡರ್ ಬುಕ್ ಅಡಿಗೆ ಹೋಗುತ್ತಿತ್ತು. ಒಂದು ಎಕ್ಸ್‌ಪೈರಿ ದಿನ, ಅಂದರೆ ಆಪ್ಶನ್‌ಗಳ ಅವಧಿ ಮುಗಿಯುವ ದಿನ, ನಷ್ಟ ಹೆಚ್ಚಾಗದಂತೆ ಹಾಕಿದ್ದ ನನ್ನ ಸ್ಟಾಪ್‌ಲಾಸ್ ಆರ್ಡರ್ ರಿಜೆಕ್ಟ್ ಆಗಿತ್ತು. ಆ ಮೆಸೇಜ್ ಬೇರೆ ವಿಂಡೋದ ಹಿಂದೆ ಇತ್ತು. ನನಗೆ ಗೊತ್ತಾಗುವಾಗ ಹತ್ತು ನಿಮಿಷ ಕಳೆದಿತ್ತು. ನಾಲ್ಕು ಸ್ಕ್ರೀನ್ ಮಾಡಲೇಬೇಕು ಎಂದು ಅವತ್ತು ರಾತ್ರಿಯೇ ತೀರ್ಮಾನಿಸಿದೆ. ಅದಕ್ಕೆ ನಾಲ್ಕು ಮಾನಿಟರಿಗೂ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು.

ನನ್ನದು ಸೆಕೆಂಡ್ ಹ್ಯಾಂಡ್ ಆಫೀಸ್ ಕಂಪ್ಯೂಟರ್, ತೆಳು ಕ್ಯಾಬಿನೆಟ್ಟಿನದ್ದು. ಒಂದು ಅಂಗಡಿಗೆ ಹೋಗಿ ವಿಷಯ ಹೇಳಿದೆ. "ಟ್ರೇಡಿಂಗಿಗೆ ಪವರ್‌ಫುಲ್ ಕಾರ್ಡೇ ಬೇಕು ಸರ್, ಇಲ್ಲದಿದ್ರೆ ಹ್ಯಾಂಗ್ ಆಗ್ತದೆ" ಎಂದು ದೊಡ್ಡ ಗೇಮಿಂಗ್ ಕಾರ್ಡ್ ಕೊಟ್ಟರು. ಮನೆಗೆ ತಂದು ನೋಡಿದರೆ ಹಿಂದೆ ಮೂರೇ ಪೋರ್ಟ್. ಕ್ಯಾಬಿನೆಟ್ಟಿನ ಮುಚ್ಚಳ ಹಾಕಲು ಬರುವುದಿಲ್ಲ. ಕಾರ್ಡಿಗೆ ಬೇರೆ 6 ಪಿನ್ ಪವರ್ ಕೇಬಲ್ ಬೇಕು, ನನ್ನ ಪವರ್ ಸಪ್ಲೈಯಲ್ಲಿ ಅದು ಇಲ್ಲವೇ ಇಲ್ಲ. ವಾಪಸ್ ಕೊಡುವಾಗ ಸ್ವಲ್ಪ ದುಡ್ಡು ಹಿಡಿದುಕೊಂಡರು.

ಆಮೇಲೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಕೇಳಿದ ಮೊದಲ ಮಾತೇ, "ನಿಮಗೆ ಅದರಲ್ಲಿ ಗೇಮ್ ಆಡ್ಲಿಕ್ಕುಂಟಾ ಮಾರಾಯ್ರೆ? ಹಿಂದೆ ಎಷ್ಟು ಪೋರ್ಟ್ ಉಂಟು, ಎಷ್ಟು ಕರೆಂಟ್ ತಿಂತದೆ, ಅಷ್ಟು ನೋಡಿ ಸಾಕು."

ನಾನೂ ಕೂತು ಲೆಕ್ಕ ಹಾಕಿದೆ. ಒಂದು ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. ಒಂದೊಂದಕ್ಕೆ 4 ಬೈಟ್ ಹಿಡಿದರೆ ಒಂದು ಚಿತ್ರಕ್ಕೆ 8 ಎಂಬಿ ಚಿಲ್ಲರೆ. ನಾಲ್ಕು ಸ್ಕ್ರೀನಿಗೆ 33 ಎಂಬಿ. ಬ್ರೌಸರ್, ಚಾರ್ಟ್ ಸಾಫ್ಟ್‌ವೇರ್ ತಮ್ಮ ಪಾಲು ತೆಗೆದುಕೊಂಡರೂ 2 ಜಿಬಿ ಮೆಮೊರಿ ಇರುವ ಕಾರ್ಡ್ ನನ್ನ ಕೆಲಸಕ್ಕೆ ಧಾರಾಳ ಸಾಕು. ಕ್ಯಾಂಡಲ್ ಚಾರ್ಟ್ ಅಂದರೆ ಗೆರೆ ಮತ್ತು ಬಣ್ಣದ ಪಟ್ಟಿ ಅಷ್ಟೇ ಅಲ್ವಾ? ನನ್ನ ಚಾರ್ಟ್ ತಡೆದು ತಡೆದು ಓಡುತ್ತಿದ್ದದ್ದು ಕಂಪ್ಯೂಟರಿನ ರ‍್ಯಾಮ್ ಸಾಲದೆ. 8 ಜಿಬಿಯನ್ನು 16 ಮಾಡಿದ ಮೇಲೆ ಅದು ನಿಂತಿತು.

ಜಿಟಿ 710 ಎಂಬ ಕಾರ್ಡನ್ನೂ ನೋಡಿದ್ದೆ. ಅಗ್ಗದ್ದು. ಆದರೆ ನನಗೆ ಸಿಕ್ಕಿದ್ದರಲ್ಲಿ ಎಚ್‌ಡಿಎಂಐ, ಡಿವಿಐ, ವಿಜಿಎ ಪೋರ್ಟ್ ಒಂದೊಂದೇ ಇತ್ತು. ವಿಜಿಎಯಲ್ಲಿ ಆಪ್ಶನ್ ಚೈನಿನ ಸಣ್ಣ ಅಂಕೆಗಳು ಮಸುಕಾಗಿ ಕಾಣುತ್ತವೆ. ಆರು ಗಂಟೆ ಅದನ್ನೇ ನೋಡುವ ಕಣ್ಣಿಗೆ ಅದು ದೊಡ್ಡ ಶಿಕ್ಷೆ.

ಕೊನೆಗೆ ತೆಗೆದುಕೊಂಡದ್ದು ಎನ್‌ವಿಡಿಯಾ ಕ್ವಾಡ್ರೊ ಪಿ620, ಅದೂ ಸೆಕೆಂಡ್ ಹ್ಯಾಂಡ್. ಹಿಂದೆ ನಾಲ್ಕು ಮಿನಿ ಡಿಸ್‌ಪ್ಲೇ ಪೋರ್ಟ್, 2 ಜಿಬಿ ಮೆಮೊರಿ. ಗರಿಷ್ಠ 40 ವ್ಯಾಟ್, ಅಷ್ಟೂ ಮದರ್‌ಬೋರ್ಡಿನ ಸ್ಲಾಟಿನಿಂದಲೇ ಸಿಗುತ್ತದೆ. ಎತ್ತರ ಸಾಮಾನ್ಯ ಕಾರ್ಡಿನ ಸುಮಾರು ಅರ್ಧ. ಕೊಳ್ಳುವಾಗ, ಕಾರ್ಡನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಗಿಡ್ಡ ಬ್ರಾಕೆಟ್ ಜೊತೆಗಿದೆಯಾ ಎಂದು ಕೇಳಿಯೇ ದುಡ್ಡು ಕೊಟ್ಟೆ. ತೆಳು ಕ್ಯಾಬಿನೆಟ್ಟಿಗೆ ಅದಿಲ್ಲದೆ ಕಾರ್ಡ್ ಕೂರುವುದಿಲ್ಲ. ಒಂದು ಎಚ್ಚರಿಕೆ ಹೇಳಲೇಬೇಕು. ಹೆಸರು ಹತ್ತಿರ ಹತ್ತಿರ ಇರುವ ಪಿ400ಕ್ಕೆ ಮೂರೇ ಪೋರ್ಟ್. ಹೊಸ ಸಾಲಿನಲ್ಲೂ ಹಾಗೆಯೇ, ಟಿ400ಕ್ಕೆ ಮೂರು, ಟಿ600ಕ್ಕೆ ನಾಲ್ಕು. ಹೆಸರು ನಂಬಬೇಡಿ, ಹಿಂಭಾಗದ ಫೋಟೋ ತರಿಸಿ ಎಣಿಸಿ.

ಕಾರ್ಡಿಗಿಂತ ಜಾಸ್ತಿ ತಲೆ ತಿಂದದ್ದು ಕೇಬಲ್. ನನ್ನ ಮಾನಿಟರುಗಳಲ್ಲಿ ಮೂರಕ್ಕೆ ಎಚ್‌ಡಿಎಂಐ ಮಾತ್ರ ಇದೆ. ಮಿನಿ ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ ಹಾಕಿದೆ, ಸುಲಭದಲ್ಲಿ ಆಯಿತು. ಆದರೆ ಆ ಕೇಬಲ್ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಕಂಪ್ಯೂಟರಿನ ಕಡೆ ಡಿಸ್‌ಪ್ಲೇ ಪೋರ್ಟ್, ಮಾನಿಟರಿನ ಕಡೆ ಎಚ್‌ಡಿಎಂಐ. ಹಿಂದೊಮ್ಮೆ ಉಲ್ಟಾ ಹಾಕಿ, ಕಪ್ಪು ಪರದೆಯಲ್ಲಿ 'ನೋ ಸಿಗ್ನಲ್' ನೋಡುತ್ತಾ ಅರ್ಧ ಭಾನುವಾರ ಕಳೆದಿದ್ದೆ. ಎಚ್‌ಡಿಎಂಐ ಸ್ಪ್ಲಿಟರ್ ತಂದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಅದು ಒಂದೇ ಚಿತ್ರವನ್ನು ಎಲ್ಲ ಸ್ಕ್ರೀನಿನಲ್ಲೂ ತೋರಿಸುತ್ತದೆ. ನಮಗೆ ಬೇಕಾದದ್ದು ಅದಲ್ಲ.

ನಮ್ಮ ಊರಿಗೆ ಸೇರಿದ ಇನ್ನೊಂದು ತೊಂದರೆ ಮಳೆಗಾಲದಲ್ಲಿ ಗೊತ್ತಾಯಿತು. ಯುಪಿಎಸ್‌ಗೆ ಕಂಪ್ಯೂಟರ್ ಮತ್ತು ಎರಡು ಮಾನಿಟರ್ ಮಾತ್ರ ಕೊಟ್ಟಿದ್ದೆ. ಜುಲೈಯ ಒಂದು ಬೆಳಗ್ಗೆ ಕರೆಂಟ್ ಕಣ್ಣು ಮಿಟುಕಿಸಿದ ಹಾಗೆ ಹೋಗಿ ಬಂತು. ಉಳಿದೆರಡು ಮಾನಿಟರ್ ಆಫ್ ಆದವು. ಮಾನಿಟರನ್ನೇ ಕಿತ್ತರು ಎಂದುಕೊಂಡು ವಿಂಡೋಸ್ ಅಲ್ಲಿದ್ದ ಚಾರ್ಟುಗಳನ್ನೆಲ್ಲ ತಂದು ಮೊದಲ ಸ್ಕ್ರೀನಿಗೆ ಸುರಿಯಿತು. ನನ್ನ ಆರ್ಡರ್ ವಿಂಡೋ ಆ ರಾಶಿಯ ಅಡಿಯಲ್ಲಿ. ಪೊಸಿಷನ್ ಓಪನ್ ಇತ್ತು, ಅಂದರೆ ವ್ಯವಹಾರ ಇನ್ನೂ ಮುಗಿದಿರಲಿಲ್ಲ, ಕೈ ನಡುಗುತ್ತಿತ್ತು. ಮೊಬೈಲಿನಲ್ಲಿ ಲಾಗಿನ್ ಆಗಿ ಆ ವ್ಯವಹಾರದಿಂದ ಹೊರಬಂದೆ. ಮರುದಿನವೇ ನಾಲ್ಕನ್ನೂ ಯುಪಿಎಸ್‌ಗೆ ಸೇರಿಸಿದೆ. 24 ಇಂಚಿನ ಎಲ್‌ಇಡಿ ಮಾನಿಟರ್ ಒಂದಕ್ಕೆ 20 ವ್ಯಾಟ್ ಆಸುಪಾಸು, ಕಾರ್ಡ್ ಸಣ್ಣದು, ಹಾಗಾಗಿ ಮನೆಯ ಸಾದಾ ಯುಪಿಎಸ್ ಕೆಲವು ನಿಮಿಷ ತಡೆಯುತ್ತದೆ. ಆ ದೊಡ್ಡ ಗೇಮಿಂಗ್ ಕಾರ್ಡ್ ಇದ್ದಿದ್ದರೆ ಅಷ್ಟು ಹೊತ್ತು ಸಿಗುತ್ತಿರಲಿಲ್ಲ.

ಸಮುದ್ರದ ಉಪ್ಪು ಗಾಳಿ ಮತ್ತು ತೇವ ಬೇರೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಪ್ಲಗ್ ತೆಗೆದು ಕಾರ್ಡ್ ಹೊರಗೆ ತೆಗೆಯುತ್ತೇನೆ. ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತೇನೆ. ರಬ್ಬರಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಪುಡಿಯನ್ನು ಬ್ರಶ್‌ನಿಂದ ಕೊಡವಿ, ಪುನಃ ಗಟ್ಟಿಯಾಗಿ ಒತ್ತಿ ಕೂರಿಸುತ್ತೇನೆ.

ಈ ವರ್ಷ ಐದನೇ ಮಾನಿಟರೂ ಬಂದಿದೆ. ಅದಕ್ಕೆ ಬೇರೆ ಕಾರ್ಡ್ ಬೇಕಾಗಲಿಲ್ಲ. ಪ್ರೊಸೆಸರಿನಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್, ಕಾರ್ಡ್ ಹಾಕಿದ ಮೇಲೆ ಸುಮ್ನೆ ಕೂತಿತ್ತು. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ಮಲ್ಟಿ ಡಿಸ್‌ಪ್ಲೇ ಆನ್ ಮಾಡಿದೆ, ಮದರ್‌ಬೋರ್ಡಿನ ಪೋರ್ಟ್ ಎದ್ದಿತು. ಅದರಲ್ಲಿ ಅಪ್ಪ ಕೊಟ್ಟು ಹೋದ ಕರ್ಣಾಟಕ ಬ್ಯಾಂಕ್ ಷೇರಿನ ಚಾರ್ಟ್ ಇಟ್ಟಿದ್ದೇನೆ. ಅದನ್ನು ಮಾರುವುದಕ್ಕಿಲ್ಲ.