ರಿಫಾಂಪಿಸಿನ್ ವರದಿ ಬಂದ ಮೇಲೆ

ತೀರ್ಥಹಳ್ಳಿ ಸೀಮೆಯಲ್ಲಿ ಕ್ಷಯದ ಕಫ ಪರೀಕ್ಷೆ ಮಾಡುವ ತಂತ್ರಜ್ಞ ನಾನು. ಸಿಬಿನಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಎರಡು ವಿಷಯ ತಿಳಿಸುತ್ತದೆ: ಕ್ಷಯದ ಬ್ಯಾಕ್ಟೀರಿಯಾ ಇದೆಯೇ, ಅದಕ್ಕೆ ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೆಯೇ. ನಾಟುತ್ತದೆ ಎಂದು ಬಂದರೆ ಮನೆಯವರು ಎಲ್ಲ ಮಾತ್ರೆಯೂ ನಾಟುತ್ತದೆ ಎಂದು ನಂಬಿಬಿಡುತ್ತಾರೆ. ನನಗೆ ಆ ನೆಮ್ಮದಿ ಇಲ್ಲ.

ಈ ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಬರಹ, ಸುಮಾರು 44 ಲಕ್ಷ ಅಕ್ಷರಗಳದ್ದು. ಪ್ರತಿರೋಧ, ಅಂದರೆ ಔಷಧಿ ನಾಟದಿರುವುದು, ಇದೆಯೇ ಎಂದು ತಿಳಿಯಲು ಯಂತ್ರ ನೋಡುವುದು ಆರ್‌ಪಿಒಬಿ ಜೀನಿನ 81 ಅಕ್ಷರಗಳನ್ನಷ್ಟೇ. ರಿಫಾಂಪಿಸಿನ್ ಪ್ರತಿರೋಧ ತರುವ ಬದಲಾವಣೆಗಳಲ್ಲಿ ಬಹುಪಾಲು ಅಲ್ಲೇ ಆಗುತ್ತವೆ. ಕ್ಷಯದ ಇನ್ನೊಂದು ಮುಖ್ಯ ಔಷಧಿ ಐಸೋನಿಯಾಜಿಡ್‌ಗೆ ಸಂಬಂಧಿಸಿದ ಜೀನುಗಳು ಬೇರೆ. ಆದ್ದರಿಂದ ಎರಡನೇ ಮಾದರಿಯನ್ನು, ಜೀನಿನ ಬದಲಾವಣೆಯನ್ನು ಪಟ್ಟಿಯ ಮೇಲೆ ಗೆರೆಗಳಾಗಿ ತೋರಿಸುವ ಎಲ್‌ಪಿಎ ಪರೀಕ್ಷೆಗೆ ಕಳಿಸುತ್ತೇನೆ. ಮಳೆಗಾಲದಲ್ಲಿ ಬಸ್ಸು ತಡವಾದೀತೆಂದು ಮಂಜಿನ ಪೊಟ್ಟಣ ಹೆಚ್ಚಿಗೆ ಇಡುತ್ತೇನೆ.

ಅಡಿಕೆ ಕೊನೆ ತೆಗೆಯುವ ಒಬ್ಬರ ವರದಿಯಲ್ಲಿ ರಿಫಾಂಪಿಸಿನ್ ನಾಟುತ್ತಿತ್ತು, ಐಸೋನಿಯಾಜಿಡ್ ನಾಟುತ್ತಿರಲಿಲ್ಲ. ಎಲ್‌ಪಿಎ ಪಟ್ಟಿಯಲ್ಲಿ ಕ್ಯಾಟ್‌ಜಿ ಜೀನಿನ ಸಹಜ ಗೆರೆ ಮಾಯವಾಗಿ, ರೂಪಾಂತರದ ಗೆರೆ ಮೂಡಿತ್ತು. ಐಸೋನಿಯಾಜಿಡ್ ನುಂಗಿದ ರೂಪದಲ್ಲೇ ಕೊಲ್ಲುವ ಔಷಧಿಯಲ್ಲ. ಹಸಿ ಅಡಿಕೆ ಬೇಯದೆ ಕೆಂಪಡಿಕೆಯಾಗದ ಹಾಗೆ, ಬ್ಯಾಕ್ಟೀರಿಯಾದ ಕ್ಯಾಟ್‌ಜಿ ಕಿಣ್ವವೇ ಅದನ್ನು ಹದಗೊಳಿಸಬೇಕು. ಆ ಕಿಣ್ವದ 315ನೇ ಸ್ಥಾನದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ ಹೋಗಿ ಥ್ರಿಯೋನಿನ್ ಬಂದರೆ ಆ ಕೆಲಸ ಕೆಡುತ್ತದೆ. ಅದಕ್ಕೆ ಡಿಎನ್‌ಎಯ ಒಂದೇ ಅಕ್ಷರ ಬದಲಾದರೆ ಸಾಕು! ಇಷ್ಟು ವರ್ಷದ ಮೇಲೂ ಇದು ನನ್ನನ್ನು ನಡುಗಿಸುತ್ತದೆ.

ಬದಲಾವಣೆ ಐಎನ್‌ಎಚ್‌ಎ ಜೀನಿನ ಪ್ರವರ್ತಕ ಭಾಗದಲ್ಲಿ, ಅಂದರೆ ಜೀನು ಎಷ್ಟು ಕೆಲಸ ಮಾಡಬೇಕೆಂದು ನಿಯಂತ್ರಿಸುವ ಕಡೆ, ಇದ್ದರೆ ಲೆಕ್ಕ ಬೇರೆ. ಆಗ ಔಷಧಿ ಹಿಡಿಯಬೇಕಾದ ಕಿಣ್ವವೇ ಹೆಚ್ಚಾಗುತ್ತದೆ. ಪ್ರತಿರೋಧ ಸಾಮಾನ್ಯವಾಗಿ ಕಡಿಮೆ ಮಟ್ಟದ್ದು, ಪ್ರಮಾಣ ಏರಿಸಿದರೆ ಐಸೋನಿಯಾಜಿಡ್ ಕೆಲಸ ಮಾಡಬಹುದು, ಆದರೆ ಎಥಿಯೋನಮೈಡ್ ಎಂಬ ಇನ್ನೊಂದು ಕ್ಷಯದ ಔಷಧಿಯನ್ನು ನೆಚ್ಚುವಂತಿಲ್ಲ. ಇದಕ್ಕಾಗಿಯೇ ವೈದ್ಯರಿಗೆ ಫೋನ್ ಮಾಡುವಾಗ ಬರೀ 'ಪ್ರತಿರೋಧ ಇದೆ' ಎನ್ನದೆ, ಯಾವ ಜೀನು ಎಂದೂ ಹೇಳುತ್ತೇನೆ.

"ಇವರು ನಡುವೆ ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಯಿತೇ ಸಾರ್?" ಎಂದು ಆ ಕೊನೆ ತೆಗೆಯುವವರ ಹೆಂಡತಿ ಕೇಳಿದರು. ಔಷಧಿ ಈ ಬದಲಾವಣೆಯನ್ನು ಹುಟ್ಟಿಸುವುದಿಲ್ಲ. ಕೋಟಿಗಟ್ಟಲೆ ಬ್ಯಾಕ್ಟೀರಿಯಾ ವಿಭಜನೆಯಾಗುವಾಗ ಎಲ್ಲೋ ಒಂದರಲ್ಲಿ ಅದು ತಾನಾಗಿ ಆಗಿರುತ್ತದೆ. ಚಿಕಿತ್ಸೆ ಅರೆಬರೆಯಾದರೆ ಉಳಿದವು ಸತ್ತು ಅದೇ ಬೆಳೆಯುತ್ತದೆ. ಪ್ರತಿರೋಧ ಪಡೆದ ತಳಿಯೇ ಇನ್ನೊಬ್ಬರ ಕೆಮ್ಮಿನಿಂದ ಬಂದಿರುವುದೂ ಉಂಟು. ಇವರಲ್ಲಿ ಯಾವುದು ನಡೆಯಿತೆಂದು ಒಂದು ಪಟ್ಟಿ ನೋಡಿ ಹೇಳಲಾಗದು, ಅವರ ಮೇಲೆ ತಪ್ಪು ಹೊರಿಸಬೇಡಿ ಅಮ್ಮ ಎಂದೆ.

ವೈದ್ಯರು ಐಸೋನಿಯಾಜಿಡ್ ಬಿಡಿಸಿ, ರಿಫಾಂಪಿಸಿನ್, ಎಥಾಂಬ್ಯುಟಾಲ್, ಪೈರಜಿನಮೈಡ್ ಜೊತೆ ಲಿವೊಫ್ಲಾಕ್ಸಸಿನ್ ಸೇರಿಸಿ 6 ತಿಂಗಳ ಚಿಕಿತ್ಸೆ ಬರೆದರು. ಆಶಾ ಕಾರ್ಯಕರ್ತೆ ಮರುದಿನವೇ ಅವರ ಮನೆಗೆ ಹೋಗಿ, ಕೆಮ್ಮುತ್ತಿದ್ದ ತಮ್ಮನ ಕಫವನ್ನೂ ತಂದುಕೊಟ್ಟರು.