ಚೀನಿ ಹೋಮ್‌ವರ್ಕ್: ನೋಡಿ ಬರೆದರೆ ಸಾಲದು, ಮುಚ್ಚಿ ಬರೆಯಿರಿ

ಚೀನಿ ಕಲಿಯಲು ಹೋದ ಮೊದಲ ವಾರ ನನಗೆ ಸಿಕ್ಕ ಹೋಮ್‌ವರ್ಕ್ ಇದು: ಹತ್ತು ಅಕ್ಷರ, ಒಂದೊಂದನ್ನೂ ಇಪ್ಪತ್ತು ಸಲ ಬರೆದುಕೊಂಡು ಬನ್ನಿ. ಬೇಗ ಮುಗಿಸಲು ಒಂದು ಉಪಾಯ ಹೂಡಿದೆ. ಮೊದಲು ಇಡೀ ಸಾಲಿಗೆ ಅಡ್ಡಗೆರೆ ಎಳೆದೆ, ಆಮೇಲೆ ಇಡೀ ಸಾಲಿಗೆ ಉದ್ದಗೆರೆ. ಪುಟ ಚೆಂದವಾಗಿ ತುಂಬಿತು. ಮರುದಿನ ಉಕ್ತಲೇಖನ ಕೊಟ್ಟಾಗ ಹತ್ತರಲ್ಲಿ ಮೂರು ಸರಿ ಬಂತು. ಆ ಮೂರರಲ್ಲಿ ಒಂದು ಎರಡು ಗೆರೆಯದ್ದು!

ಅಲ್ಲಿಂದ ಹೋಮ್‌ವರ್ಕ್ ಮಾಡುವ ಕ್ರಮವನ್ನೇ ಬದಲಿಸಿದೆ.

ಮೊದಲ ಹಂತ: ಪೆನ್ನು ಕೆಳಗಿಡಿ, ಕೇಳಿ

ಪಾಠದ ಆಡಿಯೊ ಎರಡು ಸಲ ಕೇಳಿ. ನಾವು ಕಲಿಯುವ ಚೀನಿ, ಅಂದರೆ ಮ್ಯಾಂಡರಿನ್‌ನಲ್ಲಿ ನಾಲ್ಕು ಟೋನ್‌ಗಳಿವೆ (ಟೋನ್ ಅಂದರೆ ದನಿಯ ಏರಿಳಿತ), ಜೊತೆಗೆ ಹಗುರವಾದ ಇನ್ನೊಂದು. ಒಂದನೆಯದು ಎತ್ತರದಲ್ಲೇ ಒಂದೇ ಸಮ ನಿಲ್ಲುತ್ತದೆ. ಎರಡನೆಯದು ನಾವು ಅಚ್ಚರಿಯಿಂದ 'ಹೌದಾ?' ಅನ್ನುವ ಹಾಗೆ ಏರುತ್ತದೆ. ಮೂರನೆಯದು ಮಾತಿನ ನಡುವೆ ಬಂದಾಗ ಬಹುಪಾಲು ತಗ್ಗಿನಲ್ಲೇ ಇರುತ್ತದೆ. ನಾಲ್ಕನೆಯದು ಸಿಟ್ಟಿನಲ್ಲಿ 'ಸಾಕು!' ಅಂದಂತೆ ದಡಕ್ಕನೆ ಇಳಿಯುತ್ತದೆ. 'ಮಾಯ್' ಅನ್ನುವುದನ್ನು ಮೂರನೇ ಟೋನ್‌ನಲ್ಲಿ ಹೇಳಿದರೆ ಕೊಳ್ಳುವುದು, ನಾಲ್ಕರಲ್ಲಿ ಹೇಳಿದರೆ ಮಾರುವುದು. ಅದಕ್ಕೇ ಪದ ಬರೆದುಕೊಳ್ಳುವಾಗ ಟೋನ್ ಗುರುತು ಬಿಡಲೇಬೇಡಿ.

ಚೀನಿ ಉಚ್ಚಾರಣೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪದ್ಧತಿ ಪಿನ್‌ಯಿನ್. ಚೀನಾ ಅದನ್ನು 1958ರಲ್ಲಿ ಜಾರಿಗೆ ತಂದಿತು. ಇಂಗ್ಲಿಷ್ ಕಣ್ಣಿನಿಂದ ಓದಿದರೆ ಅಲ್ಲೇ ಎಡವುತ್ತೇವೆ. ಪಿನ್‌ಯಿನ್‌ನ 'ಬಿ' ಹೆಚ್ಚುಕಡಿಮೆ ನಮ್ಮ ಪ, 'ಪಿ' ನಮ್ಮ ಫ. ಫ್ಯಾನಿನ ಫ ಅಲ್ಲ, ತುಟಿ ಮುಚ್ಚಿ ತೆರೆಯುವ 'ಫಲ'ದ ಫ. ಹಾಗೆಯೇ 'ಜಿ' ಅಂದರೆ ಕ, 'ಕೆ' ಅಂದರೆ ಖ. ಮಾತಿನಲ್ಲಿ ಮಹಾಪ್ರಾಣ ನುಂಗುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಪದವೇ ಬೇರೆಯಾಗಿಬಿಡುತ್ತದೆ.

ಎರಡನೇ ಹಂತ: ಅಕ್ಷರವನ್ನು ಬಿಚ್ಚಿ ನೋಡಿ

ಹನ್ನೆರಡು ಗೆರೆಗಳನ್ನು ಬಿಡಿಬಿಡಿಯಾಗಿ ನೆನಪಿಡಲು ಯಾರಿಂದಲೂ ಆಗದು. ಮೂರು ತುಂಡುಗಳನ್ನು ನೆನಪಿಡಬಹುದು. ಒಂದು ಮರ ಮರ, ಎರಡು ಮರ ತೋಪು, ಮೂರು ಮರ ಕಾಡು. ಸೂರ್ಯನ ಪಕ್ಕ ಚಂದ್ರ ನಿಂತರೆ ಬೆಳಕು. ಇಂಥ ಚಿತ್ರದ ಕಥೆಗಳು ಚೆನ್ನಾಗಿರುತ್ತವೆ, ಆದರೆ ಬಹುಪಾಲು ಅಕ್ಷರಗಳು ಹೀಗಿಲ್ಲ. ಒಂದು ತುಂಡು ಅರ್ಥದ ಸುಳಿವು ಕೊಡುತ್ತದೆ, ಇನ್ನೊಂದು ಉಚ್ಚಾರಣೆಯ ಸುಳಿವು. 'ಅಮ್ಮ' ಅನ್ನುವ ಅಕ್ಷರದಲ್ಲಿ ಹೆಣ್ಣಿನ ಪಕ್ಕ ಕುದುರೆ ಇದೆ. ಪಾಪ, ಅಮ್ಮನಿಗೂ ಕುದುರೆಗೂ ಸಂಬಂಧವಿಲ್ಲ. ಟೋನ್ ಬೇರೆಯಾದರೂ ಅಮ್ಮನೂ 'ಮಾ', ಕುದುರೆಯೂ 'ಮಾ', ಅಷ್ಟೇ. 'ಛಿಂಗ್' ಅನ್ನುವ ತುಂಡಿನ ಪಕ್ಕ ನೀರು ಬಂದರೆ ತಿಳಿಯಾದದ್ದು, ಸೂರ್ಯ ಬಂದರೆ ಮೋಡವಿಲ್ಲದ ಆಕಾಶ, ಮಾತು ಬಂದರೆ ಕೇಳಿಕೊಳ್ಳುವುದು, ಹೃದಯ ಬಂದರೆ ಭಾವನೆ. ಪ್ರತಿ ಹೊಸ ಅಕ್ಷರದ ಪಕ್ಕ ಅದರ ತುಂಡುಗಳನ್ನು ಬರೆದಿಡಿ. ತಿಂಗಳು ಕಳೆಯುವಷ್ಟರಲ್ಲಿ ಹೊಸ ಅಕ್ಷರಗಳು ಅಷ್ಟು ಹೊಸದಾಗಿ ಕಾಣುವುದಿಲ್ಲ.

ಗೆರೆ ಎಳೆಯುವ ಕ್ರಮಕ್ಕೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಉದ್ದಗೆರೆಗಿಂತ ಮುಂಚೆ ಅಡ್ಡಗೆರೆ. ಸುತ್ತ ಗೋಡೆಯಿರುವ ಅಕ್ಷರವಾದರೆ ಒಳಗಿನದನ್ನು ತುಂಬಿ, ಕೊನೆಗೆ ಕೆಳಗಿನ ಗೆರೆ ಎಳೆದು ಮುಚ್ಚಿ. ಚುಕ್ಕಿಗಳ ಜಾಗ ಮಾತ್ರ ಗಮನಿಸಿ. 'ದೊಡ್ಡದು' ಅನ್ನುವ ಅಕ್ಷರದ ಕೆಳಗೆ ಚುಕ್ಕಿಯಿಟ್ಟರೆ 'ಅತಿಯಾಗಿ', ಬಲಗಡೆ ಮೇಲಿಟ್ಟರೆ ನಾಯಿ.

ಮೂರನೇ ಹಂತ: ಮುಚ್ಚಿ ಬರೆಯಿರಿ

ಕಾಗದವನ್ನು ಉದ್ದಕ್ಕೆ ಮಡಚಿ. ಎಡಗಡೆ ಅರ್ಥ ಮತ್ತು ಪಿನ್‌ಯಿನ್, ಬಲಗಡೆ ಅಕ್ಷರ. ಅಕ್ಷರವನ್ನು ನೋಡಿ ಎರಡು ಸಲ ಬರೆಯಿರಿ. ಆಮೇಲೆ ಬಲಭಾಗವನ್ನು ಹಿಂದಕ್ಕೆ ಮಡಚಿ, ಎಡಗಡೆ ಮಾತ್ರ ನೋಡುತ್ತಾ ಚೌಕದ ಪುಸ್ತಕದಲ್ಲಿ ಬರೆಯಿರಿ. ಅರ್ಧಕ್ಕೆ ನಿಂತರೆ ತಕ್ಷಣ ಇಣುಕಬೇಡಿ. ಹತ್ತು ಸೆಕೆಂಡ್ ತಿಣುಕಾಡಿ. ಆಗಲೂ ಬರದಿದ್ದರೆ ನೋಡಿ, ಮತ್ತೆ ಮುಚ್ಚಿ, ಅಕ್ಷರವನ್ನು ಮೊದಲ ಗೆರೆಯಿಂದ ಬರೆಯಿರಿ. ಮರೆತ ಗೆರೆಯನ್ನಷ್ಟೇ ಸೇರಿಸಿ ಮುಂದೆ ಹೋಗುವುದು ನನ್ನ ಹಳೇ ಕಳ್ಳಾಟ, ಅದರಿಂದ ಏನೂ ಉಪಯೋಗವಿಲ್ಲ.

ಇಪ್ಪತ್ತು ಸಲ ಬರೆಯಲು ಹೇಳಿದ್ದಾರಾ? ಬರೆಯಿರಿ, ಆದರೆ ಒಂದೇ ಕೂತಿನಲ್ಲಿ ಬೇಡ. ಸಂಜೆ ಎಂಟು ಸಲ, ಮಲಗುವ ಮುಂಚೆ ಆರು, ಬೆಳಿಗ್ಗೆ ಆರು. ಅಕ್ಷರಗಳನ್ನು ಸಾಲಾಗಿ ಬರೆಯದೆ ಕಲೆಸಿ ಬರೆಯಿರಿ. ಪುಟ ಅಷ್ಟೇ ತುಂಬುತ್ತದೆ, ಮೇಷ್ಟ್ರಿಗೂ ಬೇಜಾರಿಲ್ಲ.

ಟೈಪ್ ಮಾಡಿ ಕೊಡುವ ಹೋಮ್‌ವರ್ಕ್ ಬೇರೆ ಕೆಲಸ. ಪಿನ್‌ಯಿನ್ ಒತ್ತಿದರೆ ಅಕ್ಷರಗಳ ಸಾಲು ಬರುತ್ತದೆ, ನಾವು ಆರಿಸುತ್ತೇವೆ. ಗುರುತಿಸಲು ಅದು ಸಾಕು, ಬರೆಯಲು ಸಾಲದು. ಚೀನಾದವರೇ ಇದಕ್ಕೊಂದು ಮಾತು ಇಟ್ಟುಕೊಂಡಿದ್ದಾರೆ: ಪೆನ್ನು ಎತ್ತಿದೊಡನೆ ಅಕ್ಷರ ಮರೆಯುವುದು.

ನಾಲ್ಕನೇ ಹಂತ: ಸ್ವಂತ ವಾಕ್ಯ

ವಾಕ್ಯ ರಚನೆಗೆ ಮೊಬೈಲಿನ ಅನುವಾದ ತೆರೆಯುವ ಆಸೆ ಆಗುತ್ತದೆ, ಅಲ್ವಾ? ಮೊದಲು ಕನ್ನಡದಲ್ಲಿ ಯೋಚಿಸಿ, ಅರ್ಧ ದಾರಿ ಆಗಲೇ ಸಾಗಿರುತ್ತದೆ. 'ನಾಳೆ', 'ಮನೆಯಲ್ಲಿ' ಇಂಥವು ಎರಡೂ ಭಾಷೆಯಲ್ಲಿ ಕ್ರಿಯಾಪದಕ್ಕಿಂತ ಮುಂಚೆ ಬರುತ್ತವೆ. ಕರ್ಮ ಮಾತ್ರ ಕೊನೆಗೆ ಹೋಗುತ್ತದೆ: ನಾನು, ನಾಳೆ, ಮನೆಯಲ್ಲಿ, ಓದು, ಪುಸ್ತಕ. ಎಣಿಕೆ ಬಂದರೆ ಸಂಖ್ಯೆಗೂ ವಸ್ತುವಿನ ಹೆಸರಿಗೂ ನಡುವೆ ಒಂದು ಅಳತೆಪದ ಬೇಕು. ಪುಸ್ತಕಕ್ಕೆ 'ಪನ್', ಚಪ್ಪಟೆ ಹಾಳೆಗೆ 'ಚಾಂಗ್', ಮೀನು, ನದಿಯಂಥ ಉದ್ದನೆಯದಕ್ಕೆ 'ಥಿಯಾವ್'. ಪದದ ಜೊತೆಗೇ ಇವನ್ನೂ ಬಾಯಿಪಾಠ ಮಾಡಿ, ಆಮೇಲೆ ಹುಡುಕುವುದು ತಲೆನೋವು.

ಬರೆದ ವಾಕ್ಯಗಳನ್ನು ಜೋರಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಪಾಠದ ಆಡಿಯೊ ಪಕ್ಕದಲ್ಲಿಟ್ಟು ಕೇಳಿ. ಸ್ವಂತ ದನಿ ಕೇಳಲು ಮುಜುಗರ, ನಿಜ. 'ನೀ ಹಾವ್' ಅಂದಾಗ ಎರಡೂ ಮೂರನೇ ಟೋನ್ ಆಗಿದ್ದರೂ ಮೊದಲನೆಯದು ಎರಡನೇ ಟೋನ್‌ನಂತೆ ಏರಬೇಕು. ನನ್ನದು ಏರುತ್ತಿಲ್ಲ ಎಂದು ಗೊತ್ತಾಗಿದ್ದು ರೆಕಾರ್ಡ್ ಕೇಳಿದ ದಿನವೇ.

ತಿದ್ದಿದ ಪುಸ್ತಕ ವಾಪಸ್ ಬಂದಾಗ ಕೆಂಪು ಗುರುತು ಬಿದ್ದ ಅಕ್ಷರಗಳನ್ನು ಕೊನೆಯ ಪುಟದಲ್ಲಿ ಒಟ್ಟುಮಾಡಿ. ಹೊಸ ಹೋಮ್‌ವರ್ಕ್ ಶುರು ಮಾಡುವ ಮುಂಚೆ ಐದು ನಿಮಿಷ ಅವನ್ನು ಮುಚ್ಚಿ ಬರೆಯಿರಿ. ಮೂರು ದಿನ ಸತತವಾಗಿ ಸರಿ ಬಂದ ಅಕ್ಷರವನ್ನು ಪಟ್ಟಿಯಿಂದ ಹೊಡೆದುಹಾಕಿ.